‘ಮೊದಲ ಭಾರತೀಯ’ ಎಂಬ ಒಂದು ಅಂಕದ ಆಚೆಗೆ

ದೊಡ್ಡಗದ್ದವಳ್ಳಿಯಲ್ಲಿ 7ನೇ ತರಗತಿಗೆ ನಾನು ಅಭ್ಯಾಸ ಬೋಧನೆಗೆ ಆರಿಸಿಕೊಂಡ ವಿಷಯ ರಾಕೇಶ್ ಶರ್ಮಾ ಅವರ ಜೀವನ. ಬಾಹ್ಯಾಕಾಶಕ್ಕೆ ಹೋದ ಮೊದಲ ಭಾರತೀಯ ಯಾರೆಂದರೆ ಮಕ್ಕಳು ಥಟ್ಟನೆ ಉತ್ತರಿಸುತ್ತಾರೆ. ಹೇಗೆ ಹೋದರು ಎಂದರೆ ತರಗತಿ ಸುಮ್ಮನಾಗುತ್ತದೆ. ಪಾಠ ಶುರುವಾಗಬೇಕಾದದ್ದು ಅಲ್ಲಿಂದಲೇ.

ವಿಷಯ ನಿರೂಪಣೆ: ಶರ್ಮಾ ಹುಟ್ಟಿದ್ದು 1949ರಲ್ಲಿ, ಪಟಿಯಾಲದಲ್ಲಿ, ಓದಿದ್ದು ಹೈದರಾಬಾದಿನಲ್ಲಿ. 1970ರಲ್ಲಿ ವಾಯುಪಡೆ ಸೇರಿ, ಮರುವರ್ಷದ ಯುದ್ಧದಲ್ಲಿ ಮಿಗ್-21 ಹಾರಿಸಿದರು. 1982ರಲ್ಲಿ ರವೀಶ್ ಮಲ್ಹೋತ್ರಾ ಅವರೊಂದಿಗೆ ಆಯ್ಕೆಯಾಗಿ, ಮಾಸ್ಕೋ ಬಳಿಯ ಯೂರಿ ಗಗಾರಿನ್ ಕೇಂದ್ರದಲ್ಲಿ ತರಬೇತಿ ಪಡೆದರು. ಅದಕ್ಕಾಗಿ ರಷ್ಯನ್ ಭಾಷೆಯನ್ನೂ ಕಲಿತರು. 1984ರ ಏಪ್ರಿಲ್ 3ರಂದು ಮಾಲಿಶೆವ್, ಸ್ಟ್ರೆಕಲೋವ್ ಅವರ ಜೊತೆ ಸೋಯುಜ್ ಟಿ-11ರಲ್ಲಿ ಹೊರಟು ಸಲ್ಯೂತ್-7 ನಿಲ್ದಾಣ ಸೇರಿದರು. ಅಲ್ಲಿಂದ ಭಾರತದ ನೆಲದ ಚಿತ್ರ ತೆಗೆದರು. ಭಾರರಹಿತ ಸ್ಥಿತಿಗೆ ದೇಹ ಹೊಂದಿಕೊಳ್ಳಲು ಯೋಗ ನೆರವಾಗುವುದೇ ಎಂದು ಪರೀಕ್ಷಿಸಿದರು. 11ರಂದು ಮರಳಿದರು. ಆಮೇಲೆ ಎಚ್‌ಎಎಲ್ ಸೇರಿ, ಮೊದಲು ನಾಸಿಕ್, ನಂತರ ಬೆಂಗಳೂರಿನಲ್ಲಿ ಪರೀಕ್ಷಾ ಪೈಲಟ್ ಆಗಿ ದುಡಿದರು.

ಚಟುವಟಿಕೆ 1: ಈ ಘಟ್ಟಗಳನ್ನು ಚೀಟಿಗಳಲ್ಲಿ ಬರೆದು, ಕಲಸಿ, ಕ್ರಮವಾಗಿ ಜೋಡಿಸಲು ಕೊಟ್ಟೆ. ಎಂಟು ದಿನದ ಯಾನದ ಹಿಂದೆ ಎಷ್ಟು ವರ್ಷಗಳ ಅಭ್ಯಾಸವಿತ್ತೆಂದು ಮಕ್ಕಳೇ ಲೆಕ್ಕ ಹಾಕಿದರು.

ಚಟುವಟಿಕೆ 2: ‘ಮೇಲೆ ಗುರುತ್ವ ಇಲ್ಲ ಅಲ್ವಾ ಮೇಷ್ಟ್ರೇ?’ ಎಂದು ಒಬ್ಬ ಹುಡುಗ ಕೇಳಿದ. ಸುಮಾರು 300 ಕಿ.ಮೀ. ಎತ್ತರದಲ್ಲೂ ಗುರುತ್ವ ನೆಲದ ಮೇಲಿನದರ ಶೇ. 90ರಷ್ಟಿರುತ್ತದೆ. ಬಾಟಲಿಯ ಬುಡದಲ್ಲಿ ತೂತು ಮಾಡಿ, ನೀರು ತುಂಬಿ, ಮುಚ್ಚಳ ತೆರೆದು ಹಿಡಿದೆ, ನೀರು ಚಿಮ್ಮಿತು. ಕೈಬಿಟ್ಟಾಗ, ಬೀಳುವಷ್ಟು ಹೊತ್ತು ಚಿಮ್ಮುವುದು ನಿಂತಿತು. ಬಾಟಲಿ, ನೀರು ಒಟ್ಟಿಗೇ ಬೀಳುವುದೇ ಇದಕ್ಕೆ ಕಾರಣ. ನಿಲ್ದಾಣವೂ ಅದರೊಳಗಿನವರೂ ಹೀಗೆಯೇ ಒಟ್ಟಿಗೆ ಬೀಳುತ್ತಿರುತ್ತಾರೆ; ಅಡ್ಡಡ್ಡಲಾಗಿ ಬಹಳ ವೇಗವಿರುವುದರಿಂದ ನೆಲಕ್ಕೆ ತಾಗದೆ ಭೂಮಿಯನ್ನು ಸುತ್ತುತ್ತಾರೆ.

ಮುಖ್ಯ ಅಂಶ: ಮಲ್ಹೋತ್ರಾ ಅಷ್ಟೇ ತರಬೇತಿ ಪಡೆದು, ಮೀಸಲು ಯಾತ್ರಿಯಾಗಿ ನೆಲದಲ್ಲೇ ಉಳಿದರು. ಅವರ ಹೆಸರನ್ನೂ ಕಪ್ಪುಹಲಗೆಯ ಮೇಲೆ ಶರ್ಮಾ ಹೆಸರಿನ ಪಕ್ಕದಲ್ಲೇ ಬರೆಯಬೇಕು. ನೆಲದಲ್ಲಿದ್ದು ದುಡಿಯುವವರಿಗೆ ನಮ್ಮ ಪಕ್ಕದಲ್ಲೇ ಉದಾಹರಣೆಯಿದೆ: ಹಾಸನದ ಎಂಸಿಎಫ್‌ನಲ್ಲಿ ಇಸ್ರೋ ಸಿಬ್ಬಂದಿ ಹಗಲಿರುಳು ಉಪಗ್ರಹಗಳನ್ನು ನೋಡಿಕೊಳ್ಳುತ್ತಾರೆ. ಬಾಹ್ಯಾಕಾಶ ಎಂದರೆ ತಮಗೆ ಎಟುಕದ್ದು ಎಂದುಕೊಂಡ ಹಳ್ಳಿಯ ಮಗುವಿಗೆ ಇದನ್ನು ಹೇಳಲೇಬೇಕು.

ಮೌಲ್ಯಮಾಪನ: ‘ಮೊದಲ ಭಾರತೀಯ ಯಾರು?’ ಎಂಬುದರ ಬದಲು, ‘ಏಪ್ರಿಲ್ 3ರ ರಾತ್ರಿ ಮಲ್ಹೋತ್ರಾ ದಿನಚರಿಯಲ್ಲಿ ಏನು ಬರೆದಿರಬಹುದು? ಐದು ವಾಕ್ಯಗಳಲ್ಲಿ ಊಹಿಸಿ ಬರೆಯಿರಿ’ ಎಂದು ಕೇಳಿದೆ. ಮುಂದೆ ಈ ಪಾಠ ಮಾಡುವ ಗೆಳೆಯರೂ ಈ ಪ್ರಶ್ನೆಯನ್ನು ಕೇಳಿನೋಡಬಹುದು.