ಆಸ್ಪತ್ರೆಯಲ್ಲಿ ವೃದ್ಧರ ಶುಶ್ರೂಷೆ

ಆಸ್ಪತ್ರೆಗೆ ಸೇರಿಸಿದ ಎರಡನೆಯ ರಾತ್ರಿಯೇ ಮನೆಯ ಹಿರಿಯರು ಮಗನ ಗುರುತು ಹಿಡಿಯದೆ, ಮಂಚದಿಂದಿಳಿದು ಮನೆಗೆ ಹೊರಡಲು ಹವಣಿಸುವುದನ್ನು ಶ್ರೋತೃಗಳಲ್ಲಿ ಅನೇಕರು ಕಂಡಿರಬಹುದು. ಇದು ಅರಳುಮರಳೆಂದು ಬಗೆದು ನಾವು ಕಂಗೆಡುವೆವು. ಆದರೆ ಥಟ್ಟನೆ ತಲೆದೋರಿ, ಹೊತ್ತುಹೊತ್ತಿಗೆ ಹೆಚ್ಚಿ ತಗ್ಗುವ ಈ ಭ್ರಮೆಯು ಅದಕ್ಕಿಂತ ಬೇರೆಯಾದುದು. ಸೋಂಕು, ದೇಹದಲ್ಲಿ ನೀರಿನ ಕೊರತೆ, ಮಲಬದ್ಧತೆ, ನೋವು, ಹೊಸ ಔಷಧಿ, ನಿದ್ರಾಭಂಗ, ಇವುಗಳಲ್ಲಿ ಒಂದೋ ಹಲವೋ ಅದಕ್ಕೆ ಕಾರಣವಾಗಿರಬಹುದು. ಕಾರಣವನ್ನರಿತು ಪರಿಹರಿಸಿದರೆ ಬಹುಮಂದಿಗೆ ತಿಳಿವು ಮರಳುವುದು. ಕೆಲವರಿಗೆ ವಾರಗಳೇ ಹಿಡಿಯುವುವು.

ಆದುದರಿಂದ ದಾದಿಯ ಕರ್ತವ್ಯವು ಔಷಧವನ್ನು ಕೊಡುವಲ್ಲಿಗೆ ಮುಗಿಯುವುದಿಲ್ಲ. ರೋಗಿಯ ಎದುರಿಗೆ ನಿಂತು ತನ್ನ ಹೆಸರನ್ನು ಹೇಳಿ, ಇದು ಆಸ್ಪತ್ರೆ, ಈಗ ರಾತ್ರಿ ಎಂದು ಮೆಲ್ಲಗೆ ತಿಳಿಸಬೇಕು. ಕನ್ನಡಕವನ್ನೂ ಶ್ರವಣಯಂತ್ರವನ್ನೂ ಹಾಕಿಸಬೇಕು. ಹಗಲಿನಲ್ಲಿ ಬೆಳಕೂ ಇರುಳಿನಲ್ಲಿ ನಿಶ್ಶಬ್ದವೂ ಇರಬೇಕು. ಫ್ಲಾರೆನ್ಸ್ ನೈಟಿಂಗೇಲರು 1859ರ ತಮ್ಮ ಶುಶ್ರೂಷಾಗ್ರಂಥದಲ್ಲಿ ಸದ್ದಿನ ವಿಷಯಕ್ಕೇ ಒಂದು ಅಧ್ಯಾಯವನ್ನು ಮೀಸಲಿಟ್ಟರು. ಏಳಲಾರದವರನ್ನು ಚರ್ಮದ ಸ್ಥಿತಿಯನ್ನು ನೋಡಿಕೊಂಡು, ವಾಡಿಕೆಯಾಗಿ 2 ಗಂಟೆಗೊಮ್ಮೆ, ಮಗ್ಗುಲು ಬದಲಿಸಿ ಮಲಗಿಸದಿದ್ದರೆ ಸೊಂಟದಲ್ಲಿಯೂ ಹಿಮ್ಮಡಿಯಲ್ಲಿಯೂ ಹುಣ್ಣಾಗುವುದು. ಕೈಗಳನ್ನು ಮಂಚಕ್ಕೆ ಕಟ್ಟಿದರೆ ಭಯವೂ ಭ್ರಮೆಯೂ ಹೆಚ್ಚುವುವು. ಪರಿಚಿತ ಮುಖವೊಂದು ಬಳಿಯಿದ್ದರೆ ತಗ್ಗುವುವು.

ಈ ಪರಿಚಿತ ಮುಖವೇ ಕುಟುಂಬದ ಪಾತ್ರ. ಹಿರಿಯರ ಮೊದಲಿನ ನಡೆನುಡಿಯನ್ನು ಬಲ್ಲವರು ನಾವೇ; ಬದಲಾವಣೆಯು ಎಂದು ಮೊದಲಾಯಿತೆಂಬುದನ್ನು ನಾವು ಹೇಳಿದರಲ್ಲವೆ ವೈದ್ಯರಿಗೆ ತಿಳಿಯುವುದು? ಅವರೊಡನೆ ವಾದಿಸದೆ, ಕೈಹಿಡಿದು ಕುಳಿತಿರಬೇಕು. "ನಮ್ಮನ್ನು ಮತ್ತೆ ಗುರುತಿಸುವರೆ?" ಎಂದು ಕೇಳುವ ಮಗಳಿಗೆ ಒಳ್ಳೆಯ ದಾದಿಯು ಹುಸಿ ಭರವಸೆಯನ್ನು ಕೊಡುವುದಿಲ್ಲ, ಕಂಡದ್ದನ್ನು ಹೇಳಿ, ಮಂಚದ ಬಳಿಗೆ ಆಕೆಗೊಂದು ಕುರ್ಚಿಯನ್ನು ಎಳೆದಿಡುತ್ತಾಳೆ.