ಯೆಜ್ಡಿ ರೋಡ್‌ಕಿಂಗ್ ದಿನಾ ಓಡಿಸಬಹುದಾ? ಆರ್‌ಸಿಯಿಂದ ಆಯಿಲ್‌ವರೆಗೆ ತಿಳ್ಕೊಂಡಿರಬೇಕಾದ ವಿಷಯಗಳು

ಮೈಸೂರು: ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆ 1996ರಲ್ಲಿ ಬಾಗಿಲು ಹಾಕಿತು. ಅಂದ್ರೆ ಅಲ್ಲಿ ತಯಾರಾದ ಯೆಜ್ಡಿ ಎಷ್ಟೇ 'ಲೇಟೆಸ್ಟ್ ಮಾಡೆಲ್' ಆಗಿದ್ರೂ ಅದಕ್ಕೆ ಈಗ 25 ವರ್ಷ ಮೀರಿದೆ. ಆದ್ರೂ ಊರಲ್ಲಿ ಆ ಜೋಡಿ ಸೈಲೆನ್ಸರ್ ಸದ್ದು ನಿಂತಿಲ್ಲ. ಈಚೆಗೆ ಕಾಲೇಜು ಹುಡುಗರು, ಹೊಸದಾಗಿ ಕೆಲಸಕ್ಕೆ ಸೇರಿದವರೂ ರೋಡ್‌ಕಿಂಗ್ ಹುಡುಕ್ತಾ ಇದ್ದಾರೆ. ಕೆಲವರಿಗೆ ಮನೆ ಹಿಂದೆ ತಾತಂದೋ ಅಪ್ಪಂದೋ ಗಾಡಿ ಟಾರ್ಪಲ್ ಹೊದ್ದು ನಿಂತಿರುತ್ತೆ. ಎಲ್ಲರದ್ದೂ ಒಂದೇ ಪ್ರಶ್ನೆ: ಇದನ್ನ ಭಾನುವಾರದ ಶೋಕಿಗೆ ಮಾತ್ರ ಇಟ್ಕೋಬೇಕಾ, ಇಲ್ಲ ದಿನಾ ಕೆಲಸಕ್ಕೆ ಓಡಿಸಬಹುದಾ?

ಓಡಿಸಬಹುದು. ಸುಮ್ಮನೆ ನಿಲ್ಲಿಸಿದ ಗಾಡಿಗಿಂತ ದಿನಾ ಓಡೋ ಗಾಡಿಯೇ ಚೆನ್ನಾಗಿರುತ್ತೆ. ಆದ್ರೆ ಮೊದಲು ಕಾಗದಪತ್ರ ಸರಿ ಇರಬೇಕು. ತುಂಬಾ ಜನ ಎಂಜಿನ್‌ಗೆ ಸಾವಿರಾರು ರೂಪಾಯಿ ಸುರಿದು, ಕೊನೆಗೆ ಆರ್‌ಸಿ ವಿಚಾರದಲ್ಲಿ ಸಿಕ್ಕಿಹಾಕ್ಕೋತಾರೆ.

ಯಾವ ಗಾಡಿ ಇದು?

ಇರಾನಿ ಕುಟುಂಬದ ಐಡಿಯಲ್ ಜಾವಾ ಕಂಪನಿ 1960ರ ದಶಕದ ಆರಂಭದಲ್ಲಿ ಜೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು ಮೈಸೂರಲ್ಲಿ ಬೈಕ್ ತಯಾರಿಕೆ ಶುರು ಮಾಡಿತು. 1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ಡಿ ಬಂತು. 1978ರಲ್ಲಿ ಬಂದ ರೋಡ್‌ಕಿಂಗ್ ಆ ಕಾಲದ ಹುಡುಗರ ಸ್ಪೋರ್ಟ್ಸ್ ಬೈಕ್. 250 ಸಿಸಿ ಟೂ ಸ್ಟ್ರೋಕ್, ಒಂದೇ ಸಿಲಿಂಡರ್, ಎರಡು ಸೈಲೆನ್ಸರ್, ಸುಮಾರು 16 ಎಚ್‌ಪಿ ಶಕ್ತಿ, ನಾಲ್ಕು ಗೇರ್. ರ‍್ಯಾಲಿ, ಮೋಟೊಕ್ರಾಸ್‌ಗಳಲ್ಲೂ ಓಡಿದ ಗಾಡಿ. ಕಿಕ್ ಹೊಡೆಯೋ ಲಿವರ್ರೇ ಆಮೇಲೆ ಗೇರ್ ಲಿವರ್ ಆಗುತ್ತೆ. ಹೊಸಬರು ಮೊದಲ ದಿನ ಅಲ್ಲೇ ತಬ್ಬಿಬ್ಬಾಗ್ತಾರೆ.

2018ರಲ್ಲಿ ಜಾವಾ, 2022ರಲ್ಲಿ ಯೆಜ್ಡಿ ಹೆಸರಲ್ಲಿ ಮತ್ತೆ ಬಂದ ಬೈಕ್‌ಗಳು ಬೇರೆ. ಅವು ಫೋರ್ ಸ್ಟ್ರೋಕ್, ಮಧ್ಯಪ್ರದೇಶದ ಪೀತಂಪುರದಲ್ಲಿ ತಯಾರಾಗೋದು. ಅವುಗಳ ಎಂಜಿನ್ ಪಾರ್ಟ್ಸ್ ಹಳೆ ಗಾಡಿಗೆ ಕೂರಲ್ಲ. 'ಶೋರೂಂ ಇದೆಯಲ್ಲ, ಸ್ಪೇರ್ ಸಿಗುತ್ತೆ' ಅಂತ ಯಾರಾದ್ರೂ ಹೇಳಿದ್ರೆ ನಂಬಬೇಡಿ.

ಆರ್‌ಸಿ ಲೆಕ್ಕ

ಖಾಸಗಿ ಬೈಕ್‌ನ ನೋಂದಣಿ 15 ವರ್ಷಕ್ಕೆ ಮುಗಿಯುತ್ತೆ. ಆಮೇಲೆ ಪ್ರತಿ 5 ವರ್ಷಕ್ಕೊಮ್ಮೆ ಫಾರಂ 25 ತುಂಬಿ ನವೀಕರಣ ಮಾಡಿಸಬೇಕು. ಗಾಡಿಯನ್ನ ಆರ್‌ಟಿಒ ಕಚೇರಿಗೆ ತಗೊಂಡು ಹೋಗಿ ಇನ್‌ಸ್ಪೆಕ್ಟರ್‌ಗೆ ತೋರಿಸಬೇಕು. ಚಾಸಿಸ್ ನಂಬರ್, ಎಂಜಿನ್ ನಂಬರ್ ಆರ್‌ಸಿಗೆ ತಾಳೆ ಆಗಬೇಕು.

ಶುಲ್ಕ 2025ರ ಆಗಸ್ಟ್‌ನಲ್ಲಿ ಏರಿದೆ. 20 ವರ್ಷ ದಾಟಿದ ಬೈಕ್‌ಗೆ ನವೀಕರಣ ಶುಲ್ಕ 2,000 ರೂ. ಹಳೆ ಯೆಜ್ಡಿ ಎಲ್ಲವೂ ಇದೇ ಲೆಕ್ಕಕ್ಕೆ ಬರುತ್ತವೆ. ರಾಜ್ಯದ ಹಸಿರು ತೆರಿಗೆ ಪ್ರತ್ಯೇಕ. ಇದಕ್ಕಿಂತ ದೊಡ್ಡ ಹೊಡೆತ ತಡವಾಗಿದ್ದಕ್ಕೆ ಬೀಳೋ ದಂಡ. ಬೈಕ್‌ಗೆ ತಿಂಗಳಿಗೆ 300 ರೂ. ಎರಡು ವರ್ಷ ತಡವಾಗಿದ್ರೆ 7,200 ರೂ. ಆಯ್ತು. ಹಾಗಾಗಿ ಗಾಡಿ ತಗೊಳೋ ಮುಂಚೆ ಆರ್‌ಸಿ ಯಾವ ತಾರೀಖಿಗೆ ಮುಗಿದಿದೆ ಅಂತ ನೋಡಿ, ಬಾಕಿ ಎಷ್ಟು ಅಂತ ಲೆಕ್ಕ ಹಾಕಿ, ಆಮೇಲೆ ರೇಟ್ ಮಾತಾಡಿ.

ಹಳೆ ಪುಸ್ತಕದ ಆರ್‌ಸಿ ಇದ್ದು, ಆನ್‌ಲೈನ್ 'ವಾಹನ್' ದಾಖಲೆಯಲ್ಲಿ ಗಾಡಿ ನಂಬರ್ ಇಲ್ಲದಿರೋದೂ ಉಂಟು. ಆಗ ಮೂಲ ಆರ್‌ಟಿಒದಲ್ಲಿ ಬ್ಯಾಕ್‌ಲಾಗ್ ಎಂಟ್ರಿ ಮಾಡಿಸಬೇಕು. ಮಾಲೀಕರು ತೀರಿಕೊಂಡಿದ್ರೆ ವಾರಸುದಾರರ ಹೆಸರಿಗೆ ವರ್ಗಾವಣೆ ಆಗಬೇಕು. ಈ ಎರಡೂ ಕೆಲಸ ಮಾರೋರ ಕೈಯಲ್ಲೇ ಮಾಡಿಸಿಕೊಳ್ಳೋದು ಒಳ್ಳೇದು. ದುಡ್ಡು ಕೈ ಸೇರಿದ ಮೇಲೆ ಅವರು ಫೋನ್ ಎತ್ತೋದು ಡೌಟು.

'ವಿಂಟೇಜ್' ನಂಬರ್ ಮಾಡಿಸಿದ್ರೆ?

ಇಲ್ಲೇ ತುಂಬಾ ಜನ ಎಡವೋದು. 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ವಿಂಟೇಜ್ ವಾಹನಗಳಿಗೆ ಬೇರೆ ನಿಯಮ ತಂತು. ಮೊದಲ ನೋಂದಣಿಯಿಂದ 50 ವರ್ಷ ದಾಟಿರಬೇಕು, ಚಾಸಿಸ್, ಬಾಡಿ, ಎಂಜಿನ್‌ನಲ್ಲಿ ದೊಡ್ಡ ಬದಲಾವಣೆ ಆಗಿರಬಾರದು. ನಂಬರ್‌ನಲ್ಲಿ 'ವಿಎ' ಅಕ್ಷರ ಬರುತ್ತೆ. ಹೊಸ ನೋಂದಣಿಗೆ 20,000 ರೂ., 10 ವರ್ಷ ಅವಧಿ. ಆಮೇಲೆ ಮರುನೋಂದಣಿಗೆ 5,000 ರೂ.

ಕೇಳೋಕೆ ಚೆನ್ನಾಗಿದೆ. ಆದ್ರೆ ವಿಂಟೇಜ್ ನೋಂದಣಿ ಆದ ಗಾಡಿಯನ್ನ ದಿನನಿತ್ಯದ ಓಡಾಟಕ್ಕೆ ಬಳಸೋ ಹಾಗಿಲ್ಲ. ಪ್ರದರ್ಶನ, ವಿಂಟೇಜ್ ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲ್ ಹಾಕಿಸೋದು, ರಿಪೇರಿ, ಇಂಥದ್ದಕ್ಕೆ ಮಾತ್ರ ರಸ್ತೆಗೆ ಇಳಿಸಬಹುದು. ಆಫೀಸಿಗೆ, ಮಾರ್ಕೆಟ್‌ಗೆ ಹೋಗಬೇಕು ಅನ್ನೋರಿಗೆ ಮಾಮೂಲಿ ಆರ್‌ಸಿಯೇ ಸರಿ. 1978ರ ರೋಡ್‌ಕಿಂಗ್‌ಗೂ 50 ವರ್ಷ ತುಂಬೋದು 2028ಕ್ಕೆ. ಹಳೆ ಜಾವಾ ಇರೋರು ಮಾತ್ರ ಈಗಲೇ ಯೋಚಿಸಬೇಕಾದ ವಿಷಯ ಇದು.

ದೆಹಲಿ ಸುತ್ತಮುತ್ತ 15 ವರ್ಷ ಮೀರಿದ ಪೆಟ್ರೋಲ್ ಗಾಡಿಗಳ ಮೇಲೆ ಬಂದ ನಿರ್ಬಂಧ ಆ ಪ್ರದೇಶಕ್ಕೆ ಸೀಮಿತ. ಆ ಸುದ್ದಿ ಓದಿ ಇಲ್ಲಿ ಗಾಡಿಯನ್ನ ಗುಜರಿಗೆ ಹಾಕೋದು ಬೇಡ.

ಹೊಗೆ ತಪಾಸಣೆ, ಇನ್ಶೂರೆನ್ಸ್

2000ದ ಮಾರ್ಚ್ 31ರ ಒಳಗೆ ತಯಾರಾದ ದ್ವಿಚಕ್ರ ವಾಹನಗಳಿಗೆ ಹೊಗೆ ಮಿತಿ ಬೇರೆ ಇದೆ: ಕಾರ್ಬನ್ ಮೊನಾಕ್ಸೈಡ್ ಶೇ 4.5, ಹೈಡ್ರೋಕಾರ್ಬನ್ 9,000 ಪಿಪಿಎಂ. ಟ್ಯೂನಿಂಗ್ ಸರಿ ಇರೋ ಯೆಜ್ಡಿ ಇದನ್ನ ದಾಟಲ್ಲ. ದಾಟಿದ್ರೆ ಗಾಡಿಯಲ್ಲಿ ಏನೋ ತೊಂದರೆ ಇದೆ ಅಂತಲೇ ಅರ್ಥ. ಪಕ್ಕದ ಮನೆಯವರ ಮೂಗಿಗೂ ಅದು ಗೊತ್ತಾಗುತ್ತೆ.

ಥರ್ಡ್ ಪಾರ್ಟಿ ಇನ್ಶೂರೆನ್ಸ್ ಕಡ್ಡಾಯ. 150ರಿಂದ 350 ಸಿಸಿ ಬೈಕ್‌ಗಳಿಗೆ 2022ರಲ್ಲಿ ನಿಗದಿಯಾದ ವರ್ಷದ ಪ್ರೀಮಿಯಂ 1,366 ರೂ., ತೆರಿಗೆ ಬಿಟ್ಟು. ಗಾಡಿಗೆ ಡ್ಯಾಮೇಜ್ ಆದ್ರೆ ಸಿಗೋ ವಿಮೆ ಬೇಕಾದ್ರೆ, ಇಷ್ಟು ಹಳೆ ಗಾಡಿಯ ಬೆಲೆಯನ್ನ ಕಂಪನಿ ಮತ್ತು ಮಾಲೀಕರು ಮಾತಾಡಿ ನಿಗದಿ ಮಾಡ್ಕೋಬೇಕು.

ಪೆಟ್ರೋಲ್ ಜೊತೆ ಆಯಿಲ್ ಯಾಕೆ?

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್, ಕ್ರ್ಯಾಂಕ್ ಬೇರಿಂಗ್‌ಗಳಿಗೆ ಬೇರೆ ಆಯಿಲ್ ಇರಲ್ಲ. ಪೆಟ್ರೋಲ್ ಜೊತೆ ಬೆರೆತು ಬರೋ ಟೂ ಟಿ ಆಯಿಲೇ ಗತಿ. ರೂಢಿಯಲ್ಲಿರೋ ಅಳತೆ ಲೀಟರ್‌ಗೆ 40 ಎಂಎಲ್. ಐದು ಲೀಟರ್ ಹಾಕಿಸಿದ್ರೆ 200 ಎಂಎಲ್. ಮೊದಲು ಟ್ಯಾಂಕ್‌ಗೆ ಆಯಿಲ್ ಹಾಕಿ, ಆಮೇಲೆ ಪೆಟ್ರೋಲ್ ಹಾಕಿಸಿದ್ರೆ ಚೆನ್ನಾಗಿ ಬೆರೆಯುತ್ತೆ. ಬೋರಿಂಗ್ ಮಾಡಿಸಿದ ಹೊಸದರಲ್ಲಿ ಇನ್ನೂ ಸ್ವಲ್ಪ ಜಾಸ್ತಿ ಹಾಕಿಸಿ ನಿಧಾನ ಓಡಿಸಬೇಕು.

ಚಾಮುಂಡಿ ಬೆಟ್ಟ ಇಳಿಯೋರು ಒಂದು ವಿಷಯ ನೆನಪಿಡಿ. ಇಳಿಜಾರಲ್ಲಿ ಆಕ್ಸಿಲೇಟರ್ ಪೂರ್ತಿ ಬಿಟ್ಟು ಗೇರ್‌ನಲ್ಲೇ ಇಳಿದ್ರೆ ಎಂಜಿನ್ ಜೋರಾಗಿ ತಿರುಗ್ತಾ ಇರುತ್ತೆ, ಪೆಟ್ರೋಲ್ ಮಾತ್ರ ಹೋಗ್ತಾ ಇರಲ್ಲ. ಪೆಟ್ರೋಲ್ ಇಲ್ಲ ಅಂದ್ರೆ ಆಯಿಲೂ ಇಲ್ಲ. ಆಗಾಗ ಕ್ಲಚ್ ಹಿಡಿದು ಒಂದು ಸಲ ಆಕ್ಸಿಲೇಟರ್ ಕೊಡಿ. ಓಡ್ತಾ ಇದ್ದಾಗ ಎಂಜಿನ್ ಇದ್ದಕ್ಕಿದ್ದಂತೆ ಬಿಗಿದ ಹಾಗಾಗಿ ಎಳೆಯೋದು ಕಮ್ಮಿ ಆದ್ರೆ ತಕ್ಷಣ ಕ್ಲಚ್ ಹಿಡೀಬೇಕು. ಪಿಸ್ಟನ್ ಸೀಜ್ ಆದ್ರೆ ಹಿಂದಿನ ಚಕ್ರ ಲಾಕ್ ಆಗಿ ಬೀಳಿಸುತ್ತೆ.

ಎಥನಾಲ್ ಕಾಟ

ಈಗ ಬಂಕ್‌ಗಳಲ್ಲಿ ಸಿಗೋದು ಶೇ 20 ಎಥನಾಲ್ ಬೆರೆತ ಇ20 ಪೆಟ್ರೋಲ್. ಯೆಜ್ಡಿ ಅದಕ್ಕೆ ಅಂತ ಮಾಡಿದ ಗಾಡಿ ಅಲ್ಲ. ಮೂರು ತೊಂದರೆ ಇದೆ. ಒಂದು, ಎಥನಾಲ್‌ನಲ್ಲಿ ಆಮ್ಲಜನಕ ಇರೋದ್ರಿಂದ ಮಿಶ್ರಣ ತೆಳುವಾಗಿ ಎಂಜಿನ್ ಬಿಸಿ ಏರುತ್ತೆ. ಕಾರ್ಬುರೇಟರ್‌ನ ಮೇನ್ ಜೆಟ್ ಒಂದು ಸೈಜ್ ದೊಡ್ಡದು ಹಾಕಿಸಬೇಕಾಗಬಹುದು. ಎರಡು, ಹಳೆ ರಬ್ಬರ್ ಪೈಪ್, ವಾಷರ್ ಗಟ್ಟಿಯಾಗಿ ಬಿರುಕು ಬಿಡುತ್ತವೆ. ಅವನ್ನ ಹೊಸದಾಗಿ ಹಾಕಿಸೋಕೆ ಖರ್ಚು ಕಮ್ಮಿ. ಮೂರು, ಎಥನಾಲ್ ಗಾಳಿಯ ತೇವ ಎಳ್ಕೊಳ್ಳುತ್ತೆ. ಗಾಡಿ ವಾರಗಟ್ಟಲೆ ನಿಂತ್ರೆ ನೀರು, ಎಥನಾಲ್ ಎರಡೂ ಟ್ಯಾಂಕ್ ತಳ ಸೇರಿ ತುಕ್ಕು ಹಿಡಿಸುತ್ತವೆ.

ಮೂರನೇ ತೊಂದರೆ ದಿನಾ ಓಡಿಸೋರಿಗೆ ಕಮ್ಮಿ. ಟ್ಯಾಂಕ್‌ನಲ್ಲಿ ಯಾವಾಗಲೂ ಹೊಸ ಪೆಟ್ರೋಲ್ ಇರುತ್ತೆ. ನಿಂತ ಗಾಡಿಯಲ್ಲಿ ಕಾರ್ಬುರೇಟರ್ ಅಂಟು ಹಿಡಿಯುತ್ತೆ, ಕ್ರ್ಯಾಂಕ್ ಆಯಿಲ್ ಸೀಲ್ ಒಣಗುತ್ತೆ, ಪಾಯಿಂಟ್‌ಗೆ ಕಿಲುಬು ಬರುತ್ತೆ, ಬ್ಯಾಟರಿ ಸಾಯುತ್ತೆ. ವರ್ಷಕ್ಕೊಮ್ಮೆ, ಜುಲೈ ಎರಡನೇ ಭಾನುವಾರದ ಜಾವಾ-ಯೆಜ್ಡಿ ದಿನಕ್ಕೆ ಅಂತ ಮಾತ್ರ ಗಾಡಿ ಹೊರಗೆ ತೆಗೆಯೋರಿಗೆ ಈ ಅನುಭವ ಇದ್ದೇ ಇರುತ್ತೆ.

ತಿಂಗಳ ಖರ್ಚು

ಸರಿಯಾಗಿ ಟ್ಯೂನ್ ಆದ 250 ಸಿಸಿ ಯೆಜ್ಡಿ ಲೀಟರ್‌ಗೆ 25ರಿಂದ 30 ಕಿ.ಮೀ. ಕೊಡುತ್ತೆ. ತಿಂಗಳಿಗೆ 600 ಕಿ.ಮೀ. ಓಡಾಟ ಅಂದ್ಕೊಳ್ಳಿ. 25ರ ಲೆಕ್ಕದಲ್ಲಿ 24 ಲೀಟರ್ ಪೆಟ್ರೋಲ್, ಜೊತೆಗೆ ಹತ್ತಿರಹತ್ತಿರ ಒಂದು ಲೀಟರ್ ಟೂ ಟಿ ಆಯಿಲ್. ಲೀಟರ್‌ಗೆ 60 ಕಿ.ಮೀ. ಕೊಡೋ 100 ಸಿಸಿ ಬೈಕ್‌ಗೆ ಅಷ್ಟೇ ದೂರಕ್ಕೆ 10 ಲೀಟರ್ ಸಾಕು. ಅಂದ್ರೆ ತಿಂಗಳಿಗೆ 14 ಲೀಟರ್ ಪೆಟ್ರೋಲ್, ಒಂದು ಲೀಟರ್ ಆಯಿಲ್ ದುಡ್ಡು ಜಾಸ್ತಿ. ದುಡ್ಡು ಉಳಿಸೋಕೆ ಹಳೆ ಗಾಡಿ ಅನ್ನೋ ಯೋಚನೆ ಇದ್ರೆ ಈಗಲೇ ಬಿಡಿ.

ತಗೊಳುವಾಗ ನೋಡಬೇಕಾದ್ದು

- ಎಂಜಿನ್ ತಣ್ಣಗಿರುವಾಗಲೇ ಹೋಗಿ. ನೀವು ಬರೋ ಮುಂಚೆ ಸ್ಟಾರ್ಟ್ ಮಾಡಿ ಬಿಸಿ ಮಾಡಿದ್ರೆ ಅನುಮಾನ ಪಡಿ.
- ಚಾಸಿಸ್, ಎಂಜಿನ್ ನಂಬರ್ ಅಳಿಸಿ ಮತ್ತೆ ಹೊಡೆದ ಗುರುತು ಇದೆಯಾ ನೋಡಿ.
- ಬಿಳಿ ಹೊಗೆ ದಟ್ಟವಾಗಿ ಬರ್ತಾ, ಗೇರ್ ಆಯಿಲ್ ಆಗಾಗ ಕಮ್ಮಿ ಆಗ್ತಾ ಇದ್ರೆ ಕ್ರ್ಯಾಂಕ್ ಆಯಿಲ್ ಸೀಲ್ ಹೋಗಿದೆ. ಆ ಕೆಲಸಕ್ಕೆ ಎಂಜಿನ್ ಬಿಚ್ಚಬೇಕಾಗುತ್ತೆ.
- ಪ್ಲಗ್ ಬಿಚ್ಚಿ ನೋಡಿ. ತುದಿ ಕಂದು ಬಣ್ಣ ಇದ್ರೆ ಒಳ್ಳೇದು. ಬಿಳಿಚಿದ್ರೆ ಎಂಜಿನ್ ಬಿಸಿ ಆಗ್ತಿದೆ, ಕಪ್ಪಗೆ ಒದ್ದೆ ಇದ್ರೆ ಪೆಟ್ರೋಲೋ ಆಯಿಲೋ ಜಾಸ್ತಿ ಹೋಗ್ತಿದೆ.

ರಸ್ತೆ ಮೇಲೆ

ಎರಡೂ ಕಡೆ ಡ್ರಮ್ ಬ್ರೇಕ್. ಮುಂದಿನ ಗಾಡಿಗೆ ಡಿಸ್ಕ್, ಎಬಿಎಸ್ ಇದ್ರೆ ಅದು ನಿಲ್ಲೋ ಜಾಗದಲ್ಲಿ ನಿಮ್ಮ ಗಾಡಿ ನಿಲ್ಲಲ್ಲ. ರಿಂಗ್ ರೋಡ್‌ನಲ್ಲಿ ಹೋಗುವಾಗ ಅಂತರ ಎರಡರಷ್ಟು ಬಿಡಿ. ಹಳೆ 6 ವೋಲ್ಟ್ ಗಾಡಿಗಳ ಹೆಡ್‌ಲೈಟ್ ಸಿಗ್ನಲ್‌ನಲ್ಲಿ ನಿಂತಾಗ ಮಂಕಾಗುತ್ತೆ. ರಾತ್ರಿ ಪಾಳಿ ಕೆಲಸದವರು 12 ವೋಲ್ಟ್ ಮಾಡಿಸ್ಕೊಳ್ಳೋದು ಉತ್ತಮ. ಬೆಂಗಳೂರು ಎಕ್ಸ್‌ಪ್ರೆಸ್‌ವೇ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ಬೈಕ್‌ಗೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯೇ ದಾರಿ.

ಸೀಟ್ ಕೆಳಗೆ ಒಂದು ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಕೇಬಲ್, ಕಂಡೆನ್ಸರ್, ಫ್ಯೂಸ್, ಸಣ್ಣ ಬಾಟಲಿ ಆಯಿಲ್ ಇರಲಿ. ದಾರಿಯಲ್ಲಿ ಕೈಕೊಡೋದು ಹೆಚ್ಚಾಗಿ ಇವೇ. ಇಲ್ಲಿ ಸಿಗದ ಸ್ಪೇರ್‌ಗೆ ಬೆಂಗಳೂರಿನ ಜೆ.ಸಿ. ರಸ್ತೆ, ದೆಹಲಿಯ ಕರೋಲ್ ಬಾಗ್ ಮಾರುಕಟ್ಟೆ ಇವೆ. ಆದ್ರೆ ಕಳಪೆ ಡೂಪ್ಲಿಕೇಟೂ ಅಲ್ಲೇ ಸಿಗುತ್ತೆ.

ಮೆಕ್ಯಾನಿಕ್ ವಿಚಾರ ಕೊನೆಗೆ ಹೇಳ್ತಿದ್ರೂ ಅದು ಸಣ್ಣದಲ್ಲ. ಕಾರ್ಖಾನೆ ಇದ್ದ ಊರು ಅನ್ನೋ ಕಾರಣಕ್ಕೆ ಮೈಸೂರಲ್ಲಿ ಈ ಎಂಜಿನ್ ಬಲ್ಲವರು ಇದ್ದಾರೆ. ಆದ್ರೆ ಅವರಿಗೂ ವಯಸ್ಸಾಗ್ತಿದೆ, ಮಕ್ಕಳು ಅದೇ ಕೆಲಸಕ್ಕೆ ಬರ್ತಿಲ್ಲ. ಹಾಗಾಗಿ ಗಾಡಿಗೆ ಅಡ್ವಾನ್ಸ್ ಕೊಡೋ ಮುಂಚೆ ಒಬ್ಬ ಮೆಕ್ಯಾನಿಕ್‌ನ ಹುಡುಕ್ಕೊಳ್ಳಿ, ಅವರನ್ನೇ ಜೊತೆಗೆ ಕರ್ಕೊಂಡು ಹೋಗಿ ಗಾಡಿ ತೋರಿಸಿ. ಅವರು ಬಿಚ್ಚುವಾಗ ಪಕ್ಕದಲ್ಲಿ ಕೂತು ಪಾಯಿಂಟ್ ಗ್ಯಾಪ್ ಇಡೋದು, ಕಾರ್ಬುರೇಟರ್ ತೊಳೆಯೋದು, ಸೈಲೆನ್ಸರ್ ಕಾರ್ಬನ್ ತೆಗೆಯೋದು ಕಲ್ತುಕೊಳ್ಳಿ. ಮನೆಯಲ್ಲಿ ಇನ್ನೊಂದು ಗಾಡಿ ಇರಲಿ, ಇಲ್ಲಾಂದ್ರೆ ಕೆಲಸಕ್ಕೆ ಹೋಗೋ ಬಸ್ ನಂಬರ್ ಗೊತ್ತಿರಲಿ. ಇಷ್ಟಕ್ಕೆ ರೆಡಿ ಇದ್ರೆ ಟಾರ್ಪಲ್ ತೆಗೀಬಹುದು. ಆದ್ರೆ ಕಿಕ್ ಹೊಡೆಯೋ ಮುಂಚೆ ಆರ್‌ಸಿ ಮೇಲಿನ ತಾರೀಖು ಒಂದು ಸಲ ನೋಡ್ಕೊಂಡುಬಿಡಿ.