ಮೊದಲ ಗಂಟೆಯ ಅಮೃತ

ಇಟಲಿಯ ಫ್ಲಾರೆನ್ಸ್ ನಗರದಲ್ಲಿ ಒಂದು ಪುರಾತನ ಅನಾಥಾಲಯವಿದೆ. ಹೆರೋದನ ಆಜ್ಞೆಗೆ ಬಲಿಯಾದ ಬೆತ್ಲೆಹೇಮಿನ ಮುಗ್ಧ ಶಿಶುಗಳ ನೆನಪಿನಲ್ಲಿ ಅದಕ್ಕೆ 'ಇನ್ನೊಚೆಂತಿ' ಎಂಬ ಹೆಸರು ಬಂದಿತು. 1445ರಲ್ಲಿ ಬಾಗಿಲು ತೆರೆದ ಆ ಮನೆಯು, ಹೆತ್ತವರು ತೊರೆದ ಕೂಸುಗಳಿಗೆ ಮೊಲೆಯೂಡಿಸಲು ದಾದಿಯರನ್ನು ಗೊತ್ತುಪಡಿಸುತ್ತಿತ್ತು. ತಾಯಿಯ ಹಾಲನ್ನು ಕಾಪಾಡುವ ಅಂತಾರಾಷ್ಟ್ರೀಯ ಘೋಷಣೆಯೊಂದು 1990ರಲ್ಲಿ ಅಲ್ಲಿಯೇ ಅಂಗೀಕಾರವಾದುದು ಅರ್ಥಪೂರ್ಣ. ಮರುವರ್ಷ ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಜೊತೆಗೂಡಿ 'ಶಿಶುಸ್ನೇಹಿ ಆಸ್ಪತ್ರೆ' ಯೋಜನೆಯನ್ನು ಆರಂಭಿಸಿದವು.

ಹಾಲೂಡಿಸುವುದು ತಾಯಿಗೆ ಸಹಜವಾದುದು. ಅದಕ್ಕೆ ಆಸ್ಪತ್ರೆಯ ನೆರವೇಕೆ ಎಂದು ಕೆಲವರು ಕೇಳಬಹುದು. ಹೆರಿಗೆಯಾದೊಡನೆ ಮಗುವನ್ನು ಬೇರೆ ಕೋಣೆಗೆ ಒಯ್ದು, ಅಲ್ಲಿ ಬಾಟಲಿಯ ಹಾಲು ಕುಡಿಸುವ ಪದ್ಧತಿಯನ್ನು ಗಮನಿಸಿರಿ. ಹೊಟ್ಟೆ ತುಂಬಿದ ಮಗು ಮೊಲೆ ಚೀಪುವುದಿಲ್ಲ. ಚೀಪಿದಷ್ಟೂ ಹಾಲು ಹೆಚ್ಚುವುದು, ಚೀಪದಿದ್ದರೆ ಕುಗ್ಗುವುದು ಪ್ರಕೃತಿಯ ನಿಯಮ. ಮೂರನೆಯ ದಿನ ಬಾಣಂತಿ "ನನಗೆ ಹಾಲಿಲ್ಲ" ಎಂದು ಕಣ್ಣೀರಿಡುತ್ತಾಳೆ. ಎಷ್ಟೋ ವೇಳೆ ಕೊರತೆಯಿರುವುದು ಆಕೆಯಲ್ಲಲ್ಲ, ವಾರ್ಡಿನ ವ್ಯವಸ್ಥೆಯಲ್ಲಿ.

ಶಿಶುಸ್ನೇಹಿ ಆಸ್ಪತ್ರೆಗಳು ಪಾಲಿಸಬೇಕಾದ ಹತ್ತು ಸೂತ್ರಗಳು 1989ರಲ್ಲಿ ಪ್ರಕಟವಾಗಿ, 2018ರಲ್ಲಿ ಪರಿಷ್ಕೃತಗೊಂಡವು. ಹುಟ್ಟಿದ ಕೂಡಲೇ ಮಗುವನ್ನು ತಾಯಿಯ ಎದೆಯ ಮೇಲೆ ಮಲಗಿಸುವುದು, ಮೊದಲ ಗಂಟೆಯೊಳಗೆ ಹಾಲೂಡಿಸಲು ನೆರವಾಗುವುದು, ಹಗಲಿರುಳೂ ತಾಯಿಮಗುವನ್ನು ಒಟ್ಟಿಗಿರಿಸುವುದು, ವೈದ್ಯಕೀಯ ಅಗತ್ಯವಿಲ್ಲದೆ ಬೇರಾವ ಆಹಾರವನ್ನೂ ಕೊಡದಿರುವುದು ಇವುಗಳಲ್ಲಿ ಮುಖ್ಯವಾದುವು. ಇದಕ್ಕೆ ದುಬಾರಿ ಯಂತ್ರಗಳು ಬೇಕಿಲ್ಲ. ತರಬೇತಾದ, ತಾಳ್ಮೆಯುಳ್ಳ ದಾದಿಯರು ಬೇಕು. ಶಸ್ತ್ರಚಿಕಿತ್ಸೆಯಿಂದ ಹೆತ್ತ ತಾಯಿಗೆ ಅವರ ಆಸರೆ ಇನ್ನೂ ಹೆಚ್ಚು ಅವಶ್ಯ.

ಮನೆಯವರ ಹೊಣೆಯೂ ಸಣ್ಣದಲ್ಲ. ಮೊದಲು ಒಸರುವ ಹಳದಿ ಬಣ್ಣದ ದಪ್ಪ ಹಾಲನ್ನು ಕೆಟ್ಟದ್ದೆಂದು ಹಿಂಡಿ ಚೆಲ್ಲಿ, ಜೇನು ಅಥವಾ ಸಕ್ಕರೆ ನೀರು ನೆಕ್ಕಿಸುವ ರೂಢಿ ಕೆಲವೆಡೆ ಇದೆ. ರೋಗಗಳನ್ನು ತಡೆಯುವ ಶಕ್ತಿ ತುಂಬಿರುವುದು ಆ ಹಾಲಿನಲ್ಲಿಯೇ. ಪ್ರಮಾಣದಲ್ಲಿ ಅದು ಸ್ವಲ್ಪವೇ. ಆದರೆ ಹಸುಳೆಯ ಪುಟ್ಟ ಹೊಟ್ಟೆಗೆ ಅಷ್ಟು ಸಾಕು. ಆರು ತಿಂಗಳು ತುಂಬುವವರೆಗೆ ನೀರೂ ಬೇಕಿಲ್ಲ.

ಭಾರತದಲ್ಲಿ ಕಾನೂನಿನ ಬೆಂಬಲವೂ ಇದೆ. 1992ರ ಶಿಶು ಹಾಲಿನ ಬದಲಿಗಳ ಕಾಯಿದೆಯು, 2003ರ ತಿದ್ದುಪಡಿಯೊಂದಿಗೆ, ಡಬ್ಬಿಹಾಲಿನ ಜಾಹೀರಾತನ್ನೂ ತಾಯಂದಿರಿಗೆ ಉಚಿತ ಮಾದರಿ ಹಂಚುವುದನ್ನೂ ನಿಷೇಧಿಸಿದೆ. 2016ರಲ್ಲಿ ಕೇಂದ್ರ ಸರಕಾರವು 'ಮಾ' ಎಂಬ ಕಾರ್ಯಕ್ರಮವನ್ನು ಆರಂಭಿಸಿತು.

ಹೆರಿಗೆಗೆ ಆಸ್ಪತ್ರೆಯನ್ನು ಆರಿಸುವಾಗ ನಾವು ಕೋಣೆಯ ಬಾಡಿಗೆಯನ್ನು ವಿಚಾರಿಸುತ್ತೇವೆ. ಮಗುವನ್ನು ತಾಯಿಯ ಬಳಿಯೇ ಇರಿಸುವರೇ, ಮೊದಲ ಗಂಟೆಯಲ್ಲಿ ಹಾಲೂಡಿಸಲು ನೆರವಾಗುವರೇ ಎಂಬುದನ್ನೂ ಕೇಳೋಣ. ನಮ್ಮ ಸಂಸ್ಥೆಗಳು ನಡೆಸುವ ಆಸ್ಪತ್ರೆಗಳು ಈ ವಿಷಯದಲ್ಲಿ ಇತರರಿಗೆ ಮೇಲ್ಪಂಕ್ತಿಯಾಗಲಿ. ಕಾರಣಾಂತರದಿಂದ ಹಾಲೂಡಿಸಲಾರದ ತಾಯಿಯನ್ನು ಯಾರೂ ನೋಯಿಸದಿರಲಿ. ಹಾಲೂಡಿಸಬಲ್ಲ ಯಾವ ತಾಯಿಯೂ ನೆರವಿಲ್ಲದೆ ಸೋಲದಿರಲಿ.